ತಂಗಿಯ ಕಾಲರ್ ಟ್ಯೂನು, ನನ್ನ ಹೊಟ್ಟೆಕಿಚ್ಚು

ನನ್ನ ತಂಗಿಯನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ತಲೆ ನೆರೆತ ಹೆಂಗಸು ಹೇಳಿಕೊಳ್ಳುವ ಮಾತಲ್ಲ, ಆದರೂ ನಿಮ್ಮ ಮುಂದೆ ಮುಚ್ಚಿಟ್ಟು ಏನಾಗಬೇಕು? ಆರು ವೈರಿಗಳ ಸಾಲಿನಲ್ಲಿ ಹಿರಿಯರು ಮಾತ್ಸರ್ಯವನ್ನು ಕಟ್ಟಕಡೆಗೆ ಇಟ್ಟಿದ್ದಾರೆ. ಮಿಕ್ಕ ಐದನ್ನು ಗೆದ್ದವರಿಗೂ ಇದೊಂದು ಉಳಿದಿರುತ್ತದೆ ಎಂದು ಅವರಿಗೆ ಗೊತ್ತಿತ್ತೋ ಏನೋ. ನಾನು ಆ ಐದನ್ನು ಗೆದ್ದವಳೇನೂ ಅಲ್ಲ. ನೇರವಾಗಿ ಆರನೆಯದಕ್ಕೆ ಬಂದವಳು.

ಅಮ್ಮ ಇರುವುದು ಜೆ.ಪಿ. ನಗರದಲ್ಲಿ, ನನ್ನ ಜೊತೆ. ಅವಳ ಮಾತ್ರೆ, ಕಣ್ಣಿಗೆ ಹಾಕುವ ಡ್ರಾಪ್ಸ್, ಆಗಾಗ ಹನುಮಂತನಗರದ ಗುಡ್ಡದ ದೇವಸ್ಥಾನಕ್ಕೆ ಕರೆದುಕೊಂಡು ಹೋಗುವುದು, ಎಲ್ಲ ನನ್ನ ಪಾಲು. ಅವಳ ಫೋನು ಮಾತ್ರ ಸುಬ್ರಹ್ಮಣ್ಯಪುರದಲ್ಲಿ ಟೈಲರಿಂಗ್ ಕ್ಲಾಸ್ ನಡೆಸುವ ತಂಗಿ ಪದ್ಮಳ ಪಾಲು. ನಾನು ಮನೆಯಿಂದಲೇ ಕೆಲಸ ಮಾಡುವವಳು. ಗೋಡೆಯ ಆಚೆ ಅಮ್ಮನ ಕೋಣೆ. ಕಿವಿ ಮಂದವಾದ್ದರಿಂದ ಅವಳು ಯಾವಾಗಲೂ ಫೋನನ್ನು ಸ್ಪೀಕರಿಗೆ ಹಾಕುತ್ತಾಳೆ. ಪದ್ಮ ತನ್ನ ನಂಬರಿಗೆ ಕಾಲರ್ ಟ್ಯೂನಾಗಿ ಒಂದು ದೇವರನಾಮ ಹಾಕಿಸಿಕೊಂಡಿದ್ದಾಳೆ. ಅದು ಶುರುವಾಯಿತೆಂದರೆ ನನ್ನ ಹೊಟ್ಟೆಯೊಳಗೆ ಕಿಡಿ. ತಕ್ಷಣ ಹೆಡ್‌ಫೋನ್ ಏರಿಸಿಬಿಡುತ್ತೇನೆ. ತಾಯಿ ಮಗಳ ಮುದ್ದಿನ ಮಾತು ಕೇಳುವ ಶಿಕ್ಷೆ ನನಗೇಕೆ?

ಬೇರೆಯವರಾಗಿದ್ದರೆ ಇಷ್ಟಕ್ಕೇ ಸುಮ್ಮನಾಗುತ್ತಿದ್ದರು. ನನ್ನ ಕಸುಬು ಬಿಡಬೇಕಲ್ಲ! ನಮ್ಮ ಕಂಪನಿ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಮಾಡುತ್ತದೆ. ಅದರಲ್ಲಿ ನನಗೆ ಒಪ್ಪಿಸಿರುವುದು, ಕಾಲದ ಗೆರೆಯ ಮೇಲೆ ಬಿಡಿಬಿಡಿಯಾಗಿ ಬೀಳುವ ಘಟನೆಗಳ ಲೆಕ್ಕ. ಸಾರಕ್ಕಿ ಸಿಗ್ನಲ್ಲಿನ ಹಾರನ್ನುಗಳನ್ನೇ ತೆಗೆದುಕೊಳ್ಳಿ. ಒಂದೊಂದು ಹಾರನ್ನೂ ಒಂದೊಂದು ಚುಕ್ಕಿ. ಮುಂದಿನದು ಯಾವ ಗಳಿಗೆಗೆ ಎಂದು ಬ್ರಹ್ಮನೂ ಹೇಳಲಾರ. ಆದರೆ ಬೆಳಿಗ್ಗೆ ಆಫೀಸಿನ ಹೊತ್ತಿಗೆ ಚುಕ್ಕಿಗಳು ಒತ್ತೊತ್ತಾಗಿ, ಮಧ್ಯಾಹ್ನ ವಿರಳವಾಗಿ ಬೀಳುತ್ತವೆಂದು ಅಲ್ಲಿ ಆಟೋದಲ್ಲಿ ಕೂತವರೆಲ್ಲ ಬಲ್ಲರು. ಹೊತ್ತಿನ ಜೊತೆ ಏರಿಳಿಯುವ ಈ ದಟ್ಟಣೆಗೆ ನಾವು ತೀವ್ರತೆ ಎನ್ನುತ್ತೇವೆ. ಯಾವ ಹೊತ್ತಿಗೆ ಎಷ್ಟು ತೀವ್ರತೆ ಎಂದು ಹೇಳುವ ಒಂದು ಫಂಕ್ಷನ್ ಬರೆದುಕೊಟ್ಟರೆ ಮಿಕ್ಕದ್ದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ.

ನಾನು ಬರೆದೆ. ದೇವರನಾಮ ಕೇಳಿಸಿದಾಗಲೆಲ್ಲ ಒಂದು ಕೀ ಒತ್ತಿದೆ. ಮಾತು ಮುಗಿಯಿತೇ ಎಂದು ಆಗಾಗ ಹೆಡ್‌ಫೋನ್ ಸರಿಸಿದರೆ ಮತ್ತೆ ಅದೇ ಹಾಡು, ಮತ್ತೊಂದು ಕೀ. ಅದೂ ಆಫೀಸಿನ ಲ್ಯಾಪ್‌ಟಾಪಿನಲ್ಲಿ, ಆಫೀಸಿನ ಹೊತ್ತಿನಲ್ಲಿ. ಕೆಲವು ವಾರಗಳಲ್ಲಿ ಗೆರೆ ಮೂಡಿತು. ಬೆಳಿಗ್ಗೆ ಚಪ್ಪಟೆ, ಊಟದ ಹೊತ್ತು ದಾಟುತ್ತಿದ್ದಂತೆ ಎದ್ದು, ಮಧ್ಯಾಹ್ನವೆಲ್ಲ ಗುಡ್ಡದ ಹಾಗೆ ನಿಂತು, ಸಂಜೆ ನಾನು ಲ್ಯಾಪ್‌ಟಾಪ್ ಮುಚ್ಚುವ ಹೊತ್ತಿಗೆ ಇಳಿಯಿತು. ಅಂದರೆ ನಾನು ಕೆಲಸದಲ್ಲಿ ಮುಳುಗಿರುವಾಗ ಗುಟ್ಟಿನ ಮಾತು, ಎದುರಿಗಿದ್ದಾಗ ಮೌನ! ಹೊಟ್ಟೆಕಿಚ್ಚಿಗೆ ಪುರಾವೆ ಸಿಕ್ಕಾಗ ಆಗುವ ಖುಷಿಯೇ ಬೇರೆ. ಗೆರೆ ಚುಕ್ಕಿಗಳಿಗೆ ಸರಿಯಾಗಿ ಹೊಂದುತ್ತಿರಲಿಲ್ಲ, ನಿಜ. ಕರೆಗಳು ಒಂದರ ಬೆನ್ನಿಗೊಂದು ಗುಂಪುಗುಂಪಾಗಿ ಬೀಳುತ್ತಿದ್ದವು. ಗಡಿಯಾರವೊಂದನ್ನೇ ನೋಡುವ ನನ್ನ ಫಂಕ್ಷನ್ನಿಗೆ ಅದು ಅರ್ಥವಾಗುತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ಅಮ್ಮ ಮತ್ತೇನೋ ನೆನಪಾಗಿ ಪುನಃ ಮಾಡುತ್ತಾಳೆ, ಅಷ್ಟು ಅಕ್ಕರೆ, ಎಂದು ನಾನೇ ಅರ್ಥ ಹಚ್ಚಿಕೊಂಡು ಇನ್ನಷ್ಟು ಉರಿದೆ.

ಮೊನ್ನೆ ಮಧ್ಯಾಹ್ನ ದೇವರನಾಮ ಶುರುವಾದಾಗ ತಡೆಯಲಾಗಲಿಲ್ಲ. ಹೆಡ್‌ಫೋನ್ ಏರಿಸುವ ಬದಲು ಎದ್ದು ಹೋಗಿ ಅಮ್ಮನ ಬಾಗಿಲಲ್ಲಿ ನಿಂತೆ. ಅವಳು ಮಂಚದ ಮೇಲೆ ಫೋನನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು. ಪಲ್ಲವಿ ಮುಗಿಯಿತು, ಅನುಪಲ್ಲವಿಯ ನಡುವೆ ಹಾಡು ಕಡಿದುಹೋಯಿತು. ಅಮ್ಮ ಮತ್ತೆ ಒತ್ತಿದಳು.

"ಎಷ್ಟು ಸಲ ಮಾಡ್ತೀಯಮ್ಮ ಅವಳಿಗೆ?" ಎಂದೆ.

"ಒಂದೇ ಸಲಕ್ಕೆ ಎತ್ತೋದೇ ಇಲ್ಲ ಕಣೇ. ಅಷ್ಟು ಮಿಷನ್ ಒಟ್ಟಿಗೆ ಓಡ್ತಿದ್ರೆ ಅವಳಿಗೆ ಎಲ್ಲಿ ಕೇಳ್ಸುತ್ತೆ? ಅದಕ್ಕೇ ಮತ್ತೆ ಮತ್ತೆ ಮಾಡ್ತೀನಿ."

ಪೆದ್ದಿ ನಾನು. ಅವಳು ತಕ್ಷಣ ಎತ್ತುತ್ತಿದ್ದರೆ ಅಷ್ಟುದ್ದದ ದೇವರನಾಮ ಯಾಕೆ ಕೇಳಿಸೀತು? ಒಂದು ಘಟನೆ ತಾನೇ ಮುಂದಿನದನ್ನು ಕೆರಳಿಸುವ ಬಗೆಯೂ ಉಂಟು. ನಮ್ಮ ಸಾಫ್ಟ್‌ವೇರಿನ ಕೈಪಿಡಿಯಲ್ಲಿ ಆ ಅಧ್ಯಾಯ ಬರೆದವಳೇ ನಾನು. ಎತ್ತದ ಒಂದು ಕರೆ ಇನ್ನೊಂದನ್ನು ಹುಟ್ಟಿಸುತ್ತಿತ್ತು, ನಾನು ಅದನ್ನೆಲ್ಲ ಅಕ್ಕರೆಯೆಂದು ಎಣಿಸುತ್ತಿದ್ದೆ. ಇಷ್ಟು ತಿಳಿದ ಮೇಲೆ ಕಿಚ್ಚು ಆರಬೇಕಿತ್ತು. ಆರಲಿಲ್ಲ. ಎತ್ತದವಳ ಬೆನ್ನಿಗೂ ಇಷ್ಟು ಬೀಳಬೇಕೆ?

"ಅಂಥಾ ಅರ್ಜೆಂಟ್ ಏನಿದೆ? ನಾನು ಪಕ್ಕದ ರೂಮಲ್ಲೇ ಇಲ್ವಾ? ನನ್ನ ಹತ್ರ ಹೇಳ್ಬಾರ್ದಾ?"

ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನ ವಿಷಯ ನಿನ್ನ ಹತ್ರಾನೇ ಏನೇ ಹೇಳೋದು?"

ಅಷ್ಟರಲ್ಲಿ ಅವಳ ಫೋನೇ ಬಡಿದುಕೊಂಡಿತು. ಪದ್ಮ. ಅಮ್ಮನ ಮುಖ ಅರಳಿದ್ದನ್ನು ನಾನು ಗಮನಿಸದೆ ಬಿಡಲಿಲ್ಲ. "ಸ್ವಲ್ಪ ಆ ಕಡೆ ಹೋಗು, ಮಾತಾಡ್ಬೇಕು" ಎಂದು ಕೈ ಬೀಸಿದಳು.

ಹೋದೆ, ಬಾಗಿಲ ಮರೆಯವರೆಗೆ.

"ಕೇಳಿಲ್ಲಿ ಪದ್ದೀ, ನಿಮ್ಮಕ್ಕಂಗೆ ನೀನಾದ್ರೂ ಸ್ವಲ್ಪ ಬುದ್ಧಿ ಹೇಳು. ಮೊಸರನ್ನ ಕಲಸಿಟ್ಟು ಎಷ್ಟೊತ್ತಾಯ್ತು, ಎದ್ದು ಬರಲ್ಲ. ಕಿವಿಗೆ ಅದೊಂದನ್ನ ಸಿಕ್ಕಿಸ್ಕೊಂಡ್ರೆ ಕೂಗಿದ್ರೂ ಕೇಳ್ಸಲ್ಲ. ಕಣ್ಣು ಒಳಗೆ ಹೋಗಿದೆ. ನಿನ್ನೆಯಿಂದ ಬಲಗೈ ನೀವ್ಕೊಳ್ತಾನೇ ಇದಾಳೆ, ಕೇಳಿದ್ರೆ ಏನಿಲ್ಲ ಅಂತಾಳೆ…"

ಸ್ಪೀಕರಿನಲ್ಲಿ ಮಿಷನ್ನುಗಳ ಸದ್ದನ್ನು ಸೀಳಿಕೊಂಡು ಪದ್ಮಳ ದನಿ ಬಂತು. "ಅಮ್ಮಾ, ದಿನಾ ಅಕ್ಕಂದೇ ಆಯ್ತಲ್ಲ! ನಾನು ಹೇಗಿದೀನಿ ಅಂತ ಒಂದು ಸಲಾನಾದ್ರೂ ಕೇಳಿದೀಯಾ?"

ಆ ದನಿಯ ಒಗರು ನನಗೆ ಚೆನ್ನಾಗಿ ಗೊತ್ತು. ಅದನ್ನು ಗುರುತಿಸಲು ಸಾಫ್ಟ್‌ವೇರ್ ಬೇಕಾಗಲಿಲ್ಲ.

ಸದ್ದಿಲ್ಲದೆ ಅಡುಗೆಮನೆಗೆ ಹೋಗಿ ತಟ್ಟೆ ಹಾಕಿಕೊಂಡೆ. ನಾಳೆಯಿಂದ ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದುಕೊಂಡೆ. ಹಾಗೆ ಉಂಡರೆ ಅಮ್ಮನಿಗೆ ನನ್ನ ಚಿಂತೆ ಕಡಿಮೆಯಾಗಿ, ತಂಗಿಯ ಯೋಗಕ್ಷೇಮ ವಿಚಾರಿಸಲು ಪುರಸೊತ್ತು ಸಿಗುತ್ತದೆ ಎಂಬುದೂ ಹೊಳೆಯಿತು. ಯೋಚಿಸಿ ನೋಡಿದೆ. ಇನ್ನೊಂದು ವಾರ ತಡವಾಗಿಯೇ ಉಣ್ಣೋಣವೆಂದಿದ್ದೇನೆ.