ತಾಯಿಗೊಂದು ಜಾತಿ, ಮರಿಗೊಂದು ಜಾತಿ

ನನ್ನ ಮಾರ್ಗದರ್ಶಕರ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ, ಬಸವಕಲ್ಯಾಣದ ಸುತ್ತಲಿನ ಹಳ್ಳದ ಏಡಿಗಳ ಬಗ್ಗೆ ನಾನು ಸಂಶೋಧನೆ ಮಾಡುತ್ತಿದ್ದಾಗಿನ ಮಾತಿದು. ಒಂದೇ ಹಳ್ಳದ ಏಡಿಗಳಲ್ಲಿ, ಜಾತಿ ಗುರುತಿಸಲು ಓದುವ ಒಂದು ಜೀನ್ ಎರಡು ಬಗೆಯಾಗಿ ಬಂತು. ಒಂದು ದಿನವೂ ಹಳ್ಳಕ್ಕಿಳಿಯದ ಆ ಮನುಷ್ಯ ಕುರ್ಚಿಯಿಂದ ಎದ್ದೇಬಿಟ್ಟರು. "ಹೊಸ ಜಾತಿ ಸಿಕ್ಕಿತು, ಬರೆಯಲು ಶುರು ಮಾಡು."

ನನಗೆ ಅನುಮಾನ. ಎರಡನೆಯ ಬಗೆಯ ನಡುನಡುವೆ ಜೀನಿನ ಕೆಲಸವನ್ನೇ ಅರ್ಧಕ್ಕೆ ನಿಲ್ಲಿಸುವ ಡಿಎನ್‌ಎ ಅಕ್ಷರಗಳಿದ್ದವು. ಅಂಥ ಜೀನ್ ನೆಚ್ಚಿಕೊಂಡು ಯಾವ ಏಡಿಯೂ ಬದುಕಲಾರದು.

ನಮ್ಮಪ್ಪ ಹುಮನಾಬಾದಿನ ಕಚೇರಿಯಲ್ಲಿ ಜಮೀನಿನ ಹಳೆಯ ಕಾಗದಗಳ ನಕಲು ಬರೆಯುವ ಗುಮಾಸ್ತರು. ಜಗಳ ಹೊತ್ತು ಬಂದವರಿಗೆ ಅವರು ಹೇಳುತ್ತಿದ್ದುದು ಒಂದೇ: "ಅಸಲ್ ತಂದೀರೋ ನಕಲ್ ತಂದೀರೋ, ಮೊದ್ಲ ಅದು ಹೇಳ್ರಿ." ಏಡಿಯಲ್ಲೂ ಅದೇ ತಕರಾರು. ಮೈಟೊಕಾಂಡ್ರಿಯದಲ್ಲಿರುವ, ತಾಯಿಯಿಂದಲೇ ಬರುವ ಜೀನ್ ಅಸಲು. ಅದರ ನಕಲೊಂದು ಯಾವ ಕಾಲದಲ್ಲೋ ಜೀವಕೋಶದ ನ್ಯೂಕ್ಲಿಯಸ್ಸಿಗೆ ಹೋಗಿ ಸೇರಿಕೊಂಡು, ಕೆಲಸಕ್ಕೆ ಬಾರದೆ ಕೆಟ್ಟು ಬಿದ್ದಿರುತ್ತದೆ. ನಮ್ಮ ಪರೀಕ್ಷೆ ಕೆಲವು ಏಡಿಗಳಲ್ಲಿ ಅಸಲು ಬಿಟ್ಟು ಆ ನಕಲನ್ನೇ ಓದಿತ್ತು.

ಬಸವಕಲ್ಯಾಣದ ಪಕ್ಕದ ಮೋರಖಂಡಿಯಲ್ಲಿ ನನಗೆ ಏಡಿ ಹಿಡಿದುಕೊಡುತ್ತಿದ್ದ ಕುರಿ ಕಾಯುವ ಮುದುಕಿಗೆ ಎರಡು ಜಾತಿಯ ಸುದ್ದಿ ಹೇಳಿದೆ. ಆಕೆ ನಕ್ಕು, ಒಂದು ಹೆಣ್ಣೇಡಿಯನ್ನು ಅಂಗಾತ ಮಾಡಿ ಹೊಟ್ಟೆಯಡಿಯ ಮುಚ್ಚಳ ಎತ್ತಿದಳು. ಒಳಗೆ ಕಾಳಿನಷ್ಟು ದಪ್ಪ ಮರಿಗಳು.

"ಇವು ಯಾರ ಮಕ್ಕಳಂತ ಈಕಿಗೇ ಕೇಳು ತಮ್ಮಾ. ಹೊಟ್ಟಿಗಿ ಕಟ್ಟಿಕೊಂಡು ತಿರಗಾಕತ್ತಾಳ."

ಆ ತಾಯಿಯನ್ನೂ ಮರಿಗಳನ್ನೂ ಪರೀಕ್ಷಿಸಿದೆ. ತಾಯಿ ಹಳೆಯ ಜಾತಿ, ಎರಡು ಮರಿಗಳು ಹೊಸ ಜಾತಿ! ಹೊಸ ಜಾತಿ ಸುಳ್ಳು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಕಾಗದ ಹಿಡಿದು ಓಡಿದೆ. ಮಾರ್ಗದರ್ಶಕರು ಅರೆಗಳಿಗೆ ನೋಡಿ ಪಕ್ಕಕ್ಕೆ ಸರಿಸಿದರು.

"ಡಬ್ಬಿಯ ಚೀಟಿ ಅದಲುಬದಲು ಮಾಡಿದ್ದೀಯ. ಹೋಗು."

ಮೈಯೆಲ್ಲ ಉರಿದುಹೋಯಿತು. ಚೀಟಿ ನಾನು ಬದಲಿಸಿರಲಿಲ್ಲ. ಹಾಗೆಂದು ಹೇಳಲೂ ಇಲ್ಲ. ನನ್ನ ಪದವಿ ಅವರ ಕೈಯಲ್ಲಿತ್ತು. ಕಾಗದ ಎತ್ತಿಕೊಂಡು ಹೊರಬಂದೆ. ಹೊಸ ಜಾತಿಯ ಲೇಖನ ಅಚ್ಚಾಯಿತು, ನನ್ನ ಹೆಸರೂ ಅದರಲ್ಲಿತ್ತು.

ಮರುವರ್ಷ ಮೋರಖಂಡಿಗೆ ಹೋದಾಗ ಮುದುಕಿ ಕುರಿಗಳನ್ನು ಬಿಟ್ಟು ಹತ್ತಿರ ಬಂದಳು.

"ಎಲ್ಲಾ ಒಂದೇ ಅಂತ ಬರದಿ ಇಲ್ಲೋ ತಮ್ಮಾ?"

"ಬರದೀನ್ರಿ ಆಯಿ," ಎಂದೆ.

ಆಕೆಗೆ ಓದಲು ಬರುವುದಿಲ್ಲ ಎಂಬ ಧೈರ್ಯದಿಂದ ಹಾಗೆ ಹೇಳಿದೆ.