ಮೂರು ನೀಲಿಗೆ ಒಂದೇ ಗಂಜಿ

ಹೊನ್ನಾವರದಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ಕುಸುಮಳಿಗೆ ಜೀನ್ಸ್ ಕಂಡರೆ ಮೈ ಉರಿಯುತ್ತಿತ್ತು. ಒಂದು ಕಾಲಕ್ಕೆ ಊರಿನ ಟೀಚರಮ್ಮಂದಿರ ಕಾಟನ್ ಸೀರೆಗಳೆಲ್ಲ ಅವಳ ಗಂಜಿಯಲ್ಲೇ ಮುಳುಗೇಳುತ್ತಿದ್ದವು. ಈಗ ಇಸ್ತ್ರಿಯೇ ಬೇಡದ ಈ ದರಿದ್ರ ಬಟ್ಟೆ ಬಂದು ಅವಳ ಅನ್ನ ಕಿತ್ತುಕೊಂಡಿತ್ತು.

ಅಂಥದರಲ್ಲಿ ಒಂದು ಬೆಳಿಗ್ಗೆ ಸ್ಮೃತಿ ಎಂಬ ಹುಡುಗಿ ಡೆನಿಮ್ ಪ್ಯಾಂಟು, ಶರ್ಟು, ಕೋಟು ತಂದಿಟ್ಟಳು.

"ಕುಸುಮಕ್ಕ, ನಾಳೆ ಬೆಳಿಗ್ಗೆ ಕುಮಟೆಯಲ್ಲಿ ಇಂಟರ್‌ವ್ಯೂ. ಮೇಲಿಂದ ಕೆಳಗಿನವರೆಗೂ ಇದೇ. ಪ್ಯಾಂಟು ಕಡು ನೀಲಿ, ಕೋಟು ಸ್ವಲ್ಪ ತಿಳಿ, ಶರ್ಟು ಇನ್ನೂ ತಿಳಿ. ಆ ವ್ಯತ್ಯಾಸ ಕಂಡರೇ ಚೆಂದ. ಚೊಕ್ಕ ಮಾಡಿಕೊಡಿ, ಗೆಳತಿಯರನ್ನೆಲ್ಲ ಇಲ್ಲಿಗೇ ಕಳಿಸ್ತೇನೆ."

ಇದೊಂದು ಕೈ ಹಿಡಿದರೆ ಅಂಗಡಿ ಉಳಿದೀತು ಎಂದು ಕುಸುಮಳಿಗೆ ಜೀವ ಬಂತು. ಚೊಕ್ಕ ಎಂದರೆ ಅವಳಿಗೆ ಗೊತ್ತಿದ್ದುದು ಗಂಜಿಯೊಂದೇ. ಮೂರನ್ನೂ ದಪ್ಪ ಗಂಜಿಯಲ್ಲಿ ಅದ್ದಿ, ಸುಡುಬಿಸಿಲಿಗೆ ಒಣಗಿಸಿ, ಮೈಭಾರ ಹಾಕಿ ತೀಡಿದಳು.

ಸಂಜೆ ಸ್ಮೃತಿ ಬಂದಾಗ ಬಟ್ಟೆಗಳು ಹಲಗೆಯಂತೆ ಸೆಟೆದಿದ್ದವು. ಮೇಲೆಲ್ಲ ಬಿಳಿ ಕಟ್ಟಿ, ಕಡು ಯಾವುದು, ತಿಳಿ ಯಾವುದು ಎಂದೇ ಗೊತ್ತಾಗುತ್ತಿರಲಿಲ್ಲ.

"ಎಂತ ಮಾಡಿಟ್ಟಿರಿ ಕುಸುಮಕ್ಕ!" ಹುಡುಗಿಯ ಕಣ್ಣಲ್ಲಿ ನೀರು.

"ಈಗಲೇ ತೊಳ್ದು ಕೊಡ್ತೆ ತಂಗಿ, ಸಿಟ್ಟಾಗ್ಬೇಡ" ಎಂದು ಕುಸುಮ ಅಂಗಲಾಚಿದಳು. ಅಂಥ ದಪ್ಪ ಬಟ್ಟೆ ಬೆಳಗಾಗುವುದರೊಳಗೆ ಒಣಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಸ್ಮೃತಿ ಬಟ್ಟೆ ಬಾಚಿಕೊಂಡು ಹೊರಟೇ ಹೋದಳು.

ಕುಸುಮ ಮನೆಗೆ ಬಂದರೆ ಗಂಡ ತಿಮ್ಮ ಅಕ್ಕಿ ಡಬ್ಬಿ ಬೋರಲು ಹಾಕಿ ಬಡಿಯುತ್ತಿದ್ದ.

"ಇದ್ದ ಅಕ್ಕಿ ಎಂತ ಆತು?" ಎಂದ.

ಮನೆಯಲ್ಲಿ ಇದ್ದಬದ್ದ ಅಕ್ಕಿಯನ್ನೆಲ್ಲ ಗಂಜಿ ಮಾಡಿ ಅವಳು ಆ ಜೀನ್ಸಿಗೆ ಕುಡಿಸಿದ್ದಳು.