ಸಾಬಣ್ಣನ ಆಖರಿ ಪಗಾರ

ಟಣ್! ನೆಲಕ್ಕೆ ಹಾಸುವ ಶಹಾಬಾದಿನ ಗಟ್ಟಿ ಪರಸಿ ಕಲ್ಲನ್ನು ಸುತ್ತಿಗೆಯಿಂದ ಬಡಿದರೆ ಬರುತ್ತಿದ್ದ ದನಿ ಅದು. ಒಳಗೆ ಒಡಕಿದ್ದರೆ ದಬ್ ಎನ್ನುತ್ತಿತ್ತು. ನಿನ್ನೆ ನಮ್ಮ ಬಾತ್‌ರೂಮಿಗೆ ಟೈಲ್ಸ್ ಹಾಕಲು ಬಂದ ಮೇಸ್ತ್ರಿ ಒಂದೊಂದನ್ನೇ ಬಡಿದು ನೋಡುತ್ತಿದ್ದ; ಮುದುಕಿ ನಾನು ಚಹಾದ ಕಪ್ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ.

ಹಾಗೆ ಬಡಿದು ಒಳ್ಳೆಯ ಕಲ್ಲನ್ನೂ ಒಡಕನ್ನೂ ಬೇರೆ ಮಾಡುವುದೇ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಸಾಬಣ್ಣನ ಕೆಲಸ. ನನ್ನ ಅಪ್ಪ ಅಲ್ಲಿ ಕಾಗದ-ಪತ್ರ ನೋಡುವ ಮುನ್ಷಿ. ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದಮೇಲೆ ಬಂದ ಹೊಸ ಮ್ಯಾನೇಜರ್ ಉರ್ದು ಬಿಡಿಸಿ ಕಾಗದಗಳನ್ನೆಲ್ಲ ಇಂಗ್ಲಿಷ್ ಮಾಡಿದ್ದ. ಅಪ್ಪನಿಗೆ ಇಂಗ್ಲಿಷ್ ಬಾರದು. ಹೈದರಾಬಾದಿನ ಕಾನ್ವೆಂಟಿನಿಂದ ರಜೆಗೆ ಬಂದ ಹದಿಮೂರರ ನಾನೇ ಮನೆಯ ಪಂಡಿತೆ. ಪ್ರೊನನ್ಸಿಯೇಷನ್ನಿನ ಜಂಬ ಬೇರೆ!

ಆ ಬೇಸಿಗೆಯಲ್ಲಿ ಖಣಿಯ ಡಾಕ್ಟರು ಕೆಮ್ಮುವ ಸಾಬಣ್ಣನ ಎದೆಯನ್ನು ಬೆರಳಿನಿಂದ ಬಡಿದು ನೋಡಿ, ಇನ್ನು ಕೆಲಸ ಸಾಕು ಎಂದರು. ಡಾಕ್ಟರು ಬಿಡಿಸಿದವನಿಗೆ ಹೋಗುವಾಗ ಒಂದಿಷ್ಟು ಹಣ, ಆಖರಿ ಪಗಾರ, ಉಂಟು, ತಾನೇ ಬಿಟ್ಟವನಿಗೆ ಇಲ್ಲ. ಇದು ಖಣಿಯ ಕಾಯಿದೆ. ಸಂಜೆ ಸಾಬಣ್ಣ ಹೆಬ್ಬೆಟ್ಟು ಒತ್ತಲು ಮನೆಗೆ ಬಂದಾಗ ಅಪ್ಪ ಮ್ಯಾನೇಜರ್ ಕೊಟ್ಟ ಕಾಗದವನ್ನು ನನ್ನ ಕೈಗಿಟ್ಟರು. “ಆಫ್ ಹಿಸ್ ಓನ್ ಫ್ರೀ ವಿಲ್,” ಎಂದು ಠೀವಿಯಿಂದ ಓದಿದೆ.

“ಹಂಗಂದ್ರ ಏನು ತಾಯಿ?” ಸಾಬಣ್ಣ ಕೇಳಿದ.

“ನೀ ನಿನ್ನ ಖುಷಿಲೇ ಕೆಲಸ ಬಿಟ್ಟಿ ಅಂತ.”

ಅವನು ನಕ್ಕ, ಕೆಮ್ಮಿದ. “ಮುನ್ಷಿ ಸಾಹೇಬ್ರ, ನಾ ಬಡದು ಬ್ಯಾಡ ಅಂದ ಕಲ್ಲು ತಾನಾಗೇ ಎದ್ದು ಹೋಗ್ತದೇನ್ರಿ? ಡಾಕ್ಟರ್ ನನ್ನ ಎದಿ ಬಡದು ಒಡಕ ಅಂದಾನ. ಹಂಗೇ ಬರೀಲಿ. ನಾ ಹೆಬ್ಬಟ್ಟ ಒತ್ತಂಗಿಲ್ಲ.”

“ನನ್ನ ನೌಕರಿಗಿ ಕುತ್ತು ಬರ್ತದೋ, ಸಾಬಣ್ಣ.”

“ಬರ್ಲಿ ಬಿಡ್ರಿ. ಇಬ್ಬರೂ ಕುಂತು ಕೆಮ್ಮೋಣ.”

ಅಪ್ಪ ನಗಲಿಲ್ಲ. “ಇಂಥ ಎಷ್ಟು ಕಾಗದಕ್ಕ, ಓದಲಾರದೆ, ಹೆಬ್ಬಟ್ಟ ಒತ್ತಿಸೀನೋ,” ಎಂದರು. ಮರುದಿನ ಆ ಕಾಗದವನ್ನು ಹೆಬ್ಬೆಟ್ಟಿಲ್ಲದೆಯೇ ಮ್ಯಾನೇಜರನ ಮೇಜಿಗೆ ಹಿಂದಿರುಗಿಸಿದರು. ಅವನು ಗದರಿದ. ಸಾಬಣ್ಣ ಆಫೀಸಿನ ಬಾಗಿಲಲ್ಲಿ ಕೂತ. ಅವನನ್ನು ಕಂಡು ಖಣಿಯ ಸುತ್ತಿಗೆಗಳು ಒಂದೊಂದೇ ನಿಂತವು. ಟಣ್ ಟಣ್ ಇಲ್ಲದ ಆ ಮಧ್ಯಾಹ್ನ ನನಗೆ ಕಿವಿಯೇ ಹೋಯಿತೇನೋ ಅನ್ನಿಸಿತ್ತು.

ಮೂರನೆಯ ದಿನ ಕಾಗದ ಬದಲಾಯಿತು. ‘ಮೆಡಿಕಲಿ ಅನ್‌ಫಿಟ್.’ ಆ ಎರಡು ಶಬ್ದಗಳನ್ನು ನನ್ನಿಂದ ಮೂರು ಸಲ ಓದಿಸಿಕೊಂಡೇ ಸಾಬಣ್ಣ ಹೆಬ್ಬೆಟ್ಟು ಒತ್ತಿದ. ಪಗಾರ ಕೈಸೇರಿತು. ಅಪ್ಪನಿಗೆ ಬರಬೇಕಿದ್ದ ಬಡ್ತಿ ಮಾತ್ರ ತಪ್ಪಿತು.

ನಿನ್ನೆ ಮೇಸ್ತ್ರಿ ಒಂದು ಟೈಲ್ಸನ್ನು ಪಕ್ಕಕ್ಕಿಟ್ಟು, “ಇದು ತಾನೇ ಒಡೆದಿದೆ, ಅಮ್ಮ,” ಎಂದ.

“ತಾನೇ ಒಡೆಯಲಿಲ್ಲಪ್ಪ. ಒಡೆದವರು ಯಾರು, ಅದನ್ನು ಹೇಳು,” ಎಂದೆ. ಅಷ್ಟು ಜೋರು ದನಿ ನನ್ನಲ್ಲಿ ಇನ್ನೂ ಉಳಿದಿತ್ತೇ!

ಸಾಬಣ್ಣನನ್ನು ಕೊನೆಯ ಸಲ ಕಂಡದ್ದು ಅವನು ತನ್ನೂರು ಗುಂಡಗುರ್ತಿಗೆ ಹೊರಟ ಬೆಳಿಗ್ಗೆ. ನಮ್ಮ ಮನೆಯ ಮುಂದೆ ಬಂಡಿ ನಿಲ್ಲಿಸಿ ಇಳಿದ. ಅಪ್ಪ ನಿಂತಿದ್ದ ಮೆಟ್ಟಿಲುಗಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಸೊಂಟದ ಸುತ್ತಿಗೆ ತೆಗೆದು, ಅವರ ಪಾದದ ಪಕ್ಕದಲ್ಲೇ ಒಮ್ಮೆ ಬಡಿದ.

ಟಣ್!

“ಗಟ್ಟಿ ಅದರಿ,” ಎಂದು ಅಪ್ಪನ ಮುಖ ನೋಡಿದ, ಬಂಡಿ ಹತ್ತಿದ.